ದೋಷವೆಂಬುದು ಜಾತಕದಲ್ಲಿ ಮಾತ್ರ

ನಮ್ಮ ತುಮಕೂರಿನಲ್ಲಿ ದೋಷ ಕಂಡುಹಿಡಿಯುವವರಿಗೆ ಎಂದೂ ಬರವಿಲ್ಲ. ಮದುವೆ ತಡವಾದರೆ ಕುಜದೋಷ, ಕಟ್ಟಡ ಅರ್ಧಕ್ಕೆ ನಿಂತರೆ ವಾಸ್ತುದೋಷ, ಮಗು ಸರಿರಾತ್ರಿಯಲ್ಲಿ ಅತ್ತರೆ ದೃಷ್ಟಿದೋಷ. ಆದರೆ ಕ್ಯಾತ್ಸಂದ್ರದ ಬಳಿ ಹೆದ್ದಾರಿಯಲ್ಲಿ ಎರಡು ಸಲ ಬ್ರೇಕ್ ಪೆಡಲ್ ನೆಲಕ್ಕೆ ತಾಗುವಷ್ಟು ಇಳಿದ ನನ್ನ ಕಾರನ್ನು ಸರ್ವೀಸ್ ಸೆಂಟರಿಗೆ ಒಯ್ದಾಗ, ಅಲ್ಲಿನ ಹುಡುಗ ಜಾಬ್ ಕಾರ್ಡಿನಲ್ಲಿ ಬರೆದದ್ದು ‘ಬ್ರೇಕ್ ಹಿಡಿಯುತ್ತಿಲ್ಲ’ ಎಂದಲ್ಲ. ‘ಬ್ರೇಕ್ ಹಿಡಿಯುತ್ತಿಲ್ಲವೆಂದು ಗ್ರಾಹಕರ ಅನಿಸಿಕೆ’ ಎಂದು. ರಿಪೇರಿ ಆಗಬೇಕಾದದ್ದು ನನ್ನ ಅನಿಸಿಕೆಗೆ ಎಂದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ.

ಹುಡುಗನನ್ನು ದೂರುವಂತಿಲ್ಲ, ಈ ವಿದ್ಯೆಯ ಗುರುಪರಂಪರೆ ದೊಡ್ಡದು. ಅಮೆರಿಕದ ಜನರಲ್ ಮೋಟಾರ್ಸ್ 2008ರಲ್ಲಿ ತನ್ನ ಸಿಬ್ಬಂದಿಗೆ ಕೊಟ್ಟ ತರಬೇತಿಯಲ್ಲಿ, ವರದಿಗಳಲ್ಲಿ ಬಳಸಬಾರದ ಅರವತ್ತಕ್ಕೂ ಹೆಚ್ಚು ಪದಗಳ ಪಟ್ಟಿಯೇ ಇತ್ತು. ‘ದೋಷ’ ಎನ್ನಬಾರದು, ‘ವಿನ್ಯಾಸದಂತೆ ಕೆಲಸ ಮಾಡುತ್ತಿಲ್ಲ’ ಎನ್ನಬೇಕು. ಅತ್ತ, ಓಡುವಾಗಲೇ ಕೀಲಿ ಜಾರಿ, ಎಂಜಿನ್ ಆರಿ, ಅಪಘಾತದ ಹೊತ್ತಿಗೆ ಏರ್‌ಬ್ಯಾಗ್ ಕೂಡ ಬಿಚ್ಚಿಕೊಳ್ಳದಂತೆ ಮಾಡುವ ಇಗ್ನಿಷನ್ ಸ್ವಿಚ್ಚು ಲಕ್ಷಾಂತರ ಕಾರುಗಳಲ್ಲಿ ವರ್ಷಗಟ್ಟಲೆ ನೆಮ್ಮದಿಯಾಗಿ ಕುಳಿತಿತ್ತು. ಕಾರುಗಳನ್ನು ಹಿಂದಕ್ಕೆ ಕರೆಸಿದ್ದು 2014ರಲ್ಲಿ. ಕಂಪನಿಯ ಪರಿಹಾರ ನಿಧಿಯೇ ಒಪ್ಪಿಕೊಂಡ ಸಾವುಗಳು 124. ಅವರನ್ನೂ ‘ವಿನ್ಯಾಸದಂತೆ ಉಸಿರಾಡುತ್ತಿಲ್ಲದವರು’ ಎಂದು ಬರೆದುಕೊಂಡಿದ್ದರೋ ಏನೋ. ಸರ್ಕಾರಿ ತನಿಖೆ ನಡೆಯದಿದ್ದರೆ ಆ ಪದಪಟ್ಟಿಯೂ ಬೀರುವಿನಲ್ಲೇ ಇರುತ್ತಿತ್ತು.

ನಮ್ಮಲ್ಲಿಯೂ ಕಾನೂನಿಲ್ಲ ಎನ್ನುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 110ಎ ಎಂಬ ಕಲಮನ್ನು ಸೇರಿಸಿ, ದೋಷವಿರುವ ವಾಹನಗಳನ್ನು ಹಿಂಪಡೆಯುವಂತೆ ಕಂಪನಿಗೆ ಆದೇಶಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಡಲಾಗಿದೆ. 2021ರ ಏಪ್ರಿಲ್ 1ರಿಂದ ನಿಯಮಗಳೂ ಜಾರಿಯಲ್ಲಿವೆ. ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿಯವರೆಗೆ. ಪರೀಕ್ಷಾ ಸಂಸ್ಥೆಯಿಂದಲೋ ಬೇರೆ ಮೂಲದಿಂದಲೋ ಸರ್ಕಾರಕ್ಕೆ ವರದಿ ಹೋದರೂ ಅಂಥ ಆದೇಶ ಹೊರಡಬಹುದು, ನಿಜ. ಆದರೆ ನನ್ನಂಥ ಬಡಪಾಯಿಯ ಬಾಗಿಲೆಂದರೆ ದೂರಿನದು. ಅಲ್ಲಿ ಅದೇ ಮಾದರಿಯ ಮಾಲೀಕರಲ್ಲಿ ನಿಗದಿತ ಪ್ರಮಾಣದವರು ದೂರಿಕೊಂಡಿರಬೇಕು. ಬ್ರೇಕ್ ತಪ್ಪಿದೆಯೇ ಇಲ್ಲವೇ ಎಂಬುದನ್ನು ಪಂಚಾಯಿತಿಯ ಅವಿಶ್ವಾಸ ಗೊತ್ತುವಳಿಯಂತೆ ತಲೆ ಎಣಿಸಿ ತೀರ್ಮಾನಿಸುವ ಈ ವ್ಯವಸ್ಥೆಗಿಂತ ದೊಡ್ಡ ಪ್ರಜಾಪ್ರಭುತ್ವ ಇನ್ನೆಲ್ಲಿದೆ? ಸಾಲದ್ದಕ್ಕೆ ವಾಹನಕ್ಕೆ ಏಳು ವರ್ಷ ತುಂಬಿರಬಾರದು. ನನ್ನದಕ್ಕೆ ಆರು ವರ್ಷ ಹತ್ತು ತಿಂಗಳು. ಉಳಿದ ಎರಡು ತಿಂಗಳಲ್ಲಿ ಬ್ರೇಕ್ ತಪ್ಪಿದ, ತಪ್ಪಿಯೂ ಬದುಕಿರುವ, ಬದುಕಿದ್ದು ಪೋರ್ಟಲ್ಲಿನಲ್ಲಿ ದೂರು ತುಂಬುವಷ್ಟು ತಾಳ್ಮೆಯನ್ನೂ ಉಳಿಸಿಕೊಂಡಿರುವ ಸಹಮಾಲೀಕರನ್ನು ನಾನು ದೇಶವಿಡೀ ಹುಡುಕಬೇಕಾಗಿದೆ.

ಸಂಜೆ ಕಾರು ತೊಳೆಸಿಕೊಂಡು ವಾಪಸು ಬಂತು. ಬಿಲ್ಲಿನಲ್ಲಿ ‘ಪರಿಶೀಲಿಸಲಾಗಿದೆ, ಸರಿಯಿದೆ’ ಎಂದಿತ್ತು. ಮನೆಯಲ್ಲಿ ಅಮ್ಮ ಕಾರಿನ ಸುತ್ತ ಒಂದು ಸುತ್ತು ಬಂದು, ಬಂದಿದ್ದ ಒಂದೇ ಒಂದು ದೂರಿನ ಆಧಾರದ ಮೇಲೆ ದೃಷ್ಟಿದೋಷವೆಂದು ತೀರ್ಪಿತ್ತು, ಕಾಲು ಗಂಟೆಯೊಳಗೆ ಬೂದುಗುಂಬಳ ಒಡೆಸಿದರು.