ಮಾತ್ರೆ ಒಂದರಿಂದಲೇ ವಾಸಿಯಾಗುವ ಕಾಯಿಲೆ ಅಲ್ಲ ಇದು

ಕೆಳದವಡೆ ಮೂಳೆಯ ಹಳೇ ಸೋಂಕು ಆರು ವಾರದ ಆ್ಯಂಟಿಬಯೋಟಿಕ್‌ನಿಂದಲೇ ವಾಸಿಯಾಗುತ್ತದೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ಒಪ್ಪಲಾರೆ. ನಮ್ಮ ಅಮ್ಮನಿಗೆ ಶುಗರ್ ಇತ್ತು, ದವಡೆ ಹಲ್ಲು ಕೀಳಿಸಿದ ಜಾಗ ಮಾಯಲೇ ಇಲ್ಲ, ಗದ್ದದ ಕೆಳಗೆ ತೂತಾಗಿ ಕೀವು ಸೋರುತ್ತಿತ್ತು. ಮಾತ್ರೆ ನುಂಗುವಾಗ ನಿಲ್ಲುತ್ತಿತ್ತು, ಬಿಟ್ಟ ಹತ್ತು ದಿನಕ್ಕೆ ಮತ್ತೆ ಶುರು. ಐದು ತಿಂಗಳು ಹೀಗೇ ಹೋಯಿತು. ಸೋಂಕಿನಿಂದ ಸತ್ತುಹೋದ ಮೂಳೆಯ ಚೂರಿಗೆ ರಕ್ತವೇ ಹರಿಯುವುದಿಲ್ಲ, ಇನ್ನು ಔಷಧಿ ಹೇಗೆ ತಲುಪುತ್ತದೆ? ಅದರಲ್ಲೂ ಕೆಳದವಡೆಗೆ ಮೇಲ್ದವಡೆಗಿಂತ ರಕ್ತದ ಹರಿವು ಕಡಿಮೆ. ಕೊನೆಗೆ ಆಪರೇಷನ್ ಮಾಡಿ ಆ ಚೂರು ತೆಗೆದು, ರಕ್ತ ಜಿನುಗುವ ಒಳ್ಳೆ ಮೂಳೆ ಸಿಗುವವರೆಗೂ ಕೆರೆದು, ತುಣುಕನ್ನು ಕಲ್ಚರ್‌ಗೂ (ಯಾವ ರೋಗಾಣು ಅಂತ ಬೆಳೆಸಿ ನೋಡುವ ಪರೀಕ್ಷೆ) ಬಯಾಪ್ಸಿಗೂ ಕಳಿಸಿ, ಸಿಕ್ಕ ರೋಗಾಣುವಿಗೆ ತಕ್ಕ ಔಷಧಿಯನ್ನು ಆರು ವಾರ ಕೊಟ್ಟರು. ಆಗ ಮಾಯಿತು. ಶುಗರ್ ಹಿಡಿತಕ್ಕೆ ತಂದದ್ದೂ ಅಷ್ಟೇ ಮುಖ್ಯ, ಆ ಮಾತೇ ನಿಮ್ಮ ಲೇಖನದಲ್ಲಿಲ್ಲ.

ಎಕ್ಸ್‌ರೇ ಸರಿಯಿದೆ ಅಂತ ಸುಮ್ನೆ ಕೂರಬೇಡಿ. ಮೂಳೆಯ ಸುಣ್ಣದ ಅಂಶ ಶೇ. 30ರಿಂದ 50ರಷ್ಟು ಕರಗುವವರೆಗೂ ಅದರಲ್ಲಿ ಸರಿಯಾಗಿ ಕಾಣುವುದಿಲ್ಲ, ಸಿಟಿ ಸ್ಕ್ಯಾನ್ ಬೇಕಾ ಅಂತ ಡಾಕ್ಟರನ್ನು ಕೇಳಿ. ಮೂಳೆ ಸವೆತಕ್ಕೆ ಇಂಜೆಕ್ಷನ್ ತೆಗೆದುಕೊಳ್ಳುತ್ತಿರುವವರು ಹಲ್ಲು ಕೀಳಿಸುವ ಮೊದಲೇ ಅದನ್ನು ಹಲ್ಲಿನ ಡಾಕ್ಟರಿಗೆ ಹೇಳಿಬಿಡಿ.