ಇಲ್ಲದ ರಹಸ್ಯ ಮಾರಿದವರು

ಗೂಢಚಾರ ಕಾದಂಬರಿಗಳ ತರ್ಕವೇ ಬೇರೆ. ಸಾಕ್ಷಿ ಸಿಕ್ಕರೆ ಅವನು ಗೂಢಚಾರ, ಸಿಗದಿದ್ದರೆ ಪಳಗಿದ ಗೂಢಚಾರ. ಓದೋಕೆ ಮಜಾ. ಅದೇ ತರ್ಕ ಪೊಲೀಸ್ ಠಾಣೆಗೆ ಬಂದರೆ ಏನಾಗುತ್ತೆ ಅನ್ನೋದಕ್ಕೆ, ಇಸ್ರೋ ವಿಜ್ಞಾನಿಗಳು ರಾಕೆಟ್ ರಹಸ್ಯ ಮಾರಿದರು ಅನ್ನೋ ಪ್ರಕರಣ ನೋಡಿ.

1994ರ ಅಕ್ಟೋಬರ್. ಸೂರತ್ ಪ್ಲೇಗಿನ ಗಾಬರಿಯಲ್ಲಿ ವಿಮಾನ ರದ್ದಾಗಿ ತಿರುವನಂತಪುರದಲ್ಲೇ ಉಳಿದಿದ್ದ ಮಾಲ್ಡೀವ್ಸ್‌ನ ಮರಿಯಂ ರಶೀದಾ, ವೀಸಾ ಅವಧಿ ಮೀರಿದ ಆರೋಪದಲ್ಲಿ ಬಂಧನಕ್ಕೊಳಗಾದರು. ಆದರೆ ಆಕೆಯ ಹೋಟೆಲ್‌ನಿಂದ ಇಸ್ರೋ ವಿಜ್ಞಾನಿಯೊಬ್ಬರಿಗೆ ಫೋನ್ ಹೋಗಿತ್ತು. ವಿದೇಶಿ ಹೆಣ್ಣು, ರಾಕೆಟ್ ವಿಜ್ಞಾನಿ, ಇಲ್ಲಿಯವರಿಗೆ ಓದಲು ಬಾರದ ದಿವೇಹಿ ಭಾಷೆಯ ಡೈರಿ. ಇನ್ನೇನು ಬೇಕು? ಪತ್ರಿಕೆಗಳಲ್ಲಿ ಧಾರಾವಾಹಿಯೇ ಶುರುವಾಯ್ತು. ನವೆಂಬರ್ 30ಕ್ಕೆ ಇಸ್ರೋದ ಮತ್ತೊಬ್ಬ ವಿಜ್ಞಾನಿ ನಂಬಿ ನಾರಾಯಣನ್ ಬಂಧನ, 50 ದಿನ ಸೆರೆ.

ಅಷ್ಟಕ್ಕೂ ಮಾರಿದರು ಅಂದದ್ದು ಏನನ್ನು? ಕ್ರಯೋಜೆನಿಕ್ ಎಂಜಿನ್, ಅಂದರೆ ಅತಿ ತಣ್ಣಗಿನ ದ್ರವ ಇಂಧನದಿಂದ ಓಡುವ ರಾಕೆಟ್ ಎಂಜಿನ್‌ನ ತಂತ್ರಜ್ಞಾನವಂತೆ. ಅದು ಆಗ ನಮ್ಮ ಹತ್ತಿರ ಇರಲೇ ಇಲ್ಲ ಸ್ವಾಮಿ! 1991ರಲ್ಲಿ ಕೊಡ್ತೀವಿ ಅಂದಿದ್ದ ರಷ್ಯಾದವರು, ಅಮೆರಿಕದ ಒತ್ತಡಕ್ಕೆ ಮಣಿದು 1993ರಲ್ಲಿ ತಂತ್ರಜ್ಞಾನ ಇಲ್ಲ, ಎಂಜಿನ್ ಮಾತ್ರ ಅಂದುಬಿಟ್ಟರು. ನಮ್ಮದೇ ಕ್ರಯೋ ಎಂಜಿನ್ ಹೊತ್ತ ಜಿಎಸ್‌ಎಲ್‌ವಿ ರಾಕೆಟ್ ಕಕ್ಷೆ ಮುಟ್ಟಿದ್ದು 2014ರ ಜನವರಿಯಲ್ಲಿ. ಮಾಡಿಸದ ಒಡವೆ ಕಳುವಾಯ್ತು ಅಂತ ದೂರು ಕೊಟ್ಟ ಹಾಗೆ.

ಸರಿಯಾಗಿ ನೂರು ವರ್ಷ ಹಿಂದೆ, 1894ರಲ್ಲಿ, ಪ್ಯಾರಿಸ್‌ನಲ್ಲಿ ಸೇನಾಧಿಕಾರಿ ಡ್ರೇಫಸ್‌ಗೂ ಇದೇ ಗತಿ. ಜರ್ಮನ್ನರಿಗೆ ಸೇನಾ ರಹಸ್ಯ ಮಾರಲು ಬರೆದದ್ದು ಅಂದ ಪತ್ರದ ಕೈಬರಹ ಅವನದಕ್ಕೆ ಪೂರ್ತಿ ಹೊಂದಲಿಲ್ಲ. ಪೊಲೀಸ್ ತಜ್ಞ ಬೆರ್ತಿಯೋ ಏನಂದ ಗೊತ್ತೇ? ಡ್ರೇಫಸ್ ತನ್ನ ಅಕ್ಷರವನ್ನು ತಾನೇ ನಕಲಿ ಮಾಡಿದ್ದಾನೆ ಅಂತ! ಇಂಥ ಬುದ್ಧಿವಂತರ ಮುಂದೆ ನಿರಪರಾಧಿ ಏನು ತಾನೇ ಹೇಳಬಲ್ಲ?

ಇಸ್ರೋ ಕಥೆಯಲ್ಲಿ ಬೆಂಗಳೂರಿನ ಇಬ್ಬರಿದ್ದರು: ರಷ್ಯಾದ ಬಾಹ್ಯಾಕಾಶ ಸಂಸ್ಥೆ ಗ್ಲಾವ್‌ಕಾಸ್ಮಾಸ್‌ನ ಪ್ರತಿನಿಧಿ ಕೆ. ಚಂದ್ರಶೇಖರ್, ಗುತ್ತಿಗೆದಾರ ಎಸ್.ಕೆ. ಶರ್ಮಾ. ಇನ್ನೊಬ್ಬ ಆರೋಪಿ, ಮಾಲ್ಡೀವ್ಸ್‌ನವರೇ ಆದ ಫೌಜಿಯಾ ಹಸನ್ ಅವರ ಮಗಳಿಗೆ ಇಲ್ಲಿ ಶಾಲೆ ಸೇರಲು ನೆರವಾದವರು ಶರ್ಮಾ. ಸೀಟು ಕೊಡಿಸಿದ್ದೂ ಸಂಚಿನ ಕೊಂಡಿ! ಸಿಬಿಐ 1996ರಲ್ಲೇ ಇದೆಲ್ಲ ಸುಳ್ಳು ಅಂದಿತ್ತು, 1998ರಲ್ಲಿ ಸುಪ್ರೀಂ ಕೋರ್ಟ್ ಕೇರಳ ಸರ್ಕಾರದ ಮರುತನಿಖೆಯನ್ನೂ ರದ್ದು ಮಾಡಿತ್ತು. 2018ರ ತೀರ್ಪು ನಂಬಿ ಅವರಿಗೆ 50 ಲಕ್ಷ ಪರಿಹಾರ ಕೊಡಿಸಿತು, ಕೊಡಲೇಬೇಕಿತ್ತು. ಆ ತೀರ್ಪು ಬಂದ ದಿನ ಚಂದ್ರಶೇಖರ್ ಕೋಮಾದಲ್ಲಿದ್ದರು, ಎರಡು ದಿನಕ್ಕೆ ತೀರಿಕೊಂಡರು. ನವೆಂಬರ್‌ನಲ್ಲಿ ಶರ್ಮಾ ಕ್ಯಾನ್ಸರ್‌ನಿಂದ ಹೋದರು. ಇಬ್ಬರ ಹೆಸರೂ ನಮ್ಮೂರಲ್ಲೇ ಎಷ್ಟು ಜನಕ್ಕೆ ಗೊತ್ತು?

2024ರಲ್ಲಿ ಸಿಬಿಐ, ಸುಳ್ಳು ಕೇಸು ಕಟ್ಟಿದರು ಅಂತ ಐವರು ಮಾಜಿ ಅಧಿಕಾರಿಗಳ ಮೇಲೆ ಆರೋಪಪಟ್ಟಿ ಹಾಕಿದೆ. ನನಗೆ ಗೊತ್ತಾಗಬೇಕಾದ್ದು ಒಂದೇ: ವೀಸಾ ಕೇಸಿನ ಕಡತಕ್ಕೆ ರಾಕೆಟ್ ತಂದು ಸೇರಿಸಿದವರು ಯಾರು, ಯಾರ ಮಾತು ಕೇಳಿ?