ಬಾಗಲಕೋಟೆಯ ಮುಳುಗಡೆಗೆ ಸಮುದ್ರ ಕಾರಣವಲ್ಲ: ಸ್ಪಷ್ಟನೆ

‘ಸಮುದ್ರ ಮಟ್ಟ ಏರಿ ಕೃಷ್ಣಾ ನದಿ ಹಿಂದಕ್ಕೆ ಒತ್ತಿ ಬಾಗಲಕೋಟೆ ಮುಳುಗಲಿದೆ, ನವನಗರ ಕಟ್ಟಿದ್ದೂ ಅದಕ್ಕೇ’ ಎಂಬ ವಾಟ್ಸ್‌ಆ್ಯಪ್ ಸಂದೇಶದ ಎರಡೂ ಮಾತು ಸುಳ್ಳು. ಕೃಷ್ಣೆಗೆ ಕಟ್ಟಿದ ಆಲಮಟ್ಟಿ ಜಲಾಶಯದ ಗರಿಷ್ಠ ಮಟ್ಟ ಸಮುದ್ರಕ್ಕಿಂತ 519.60 ಮೀಟರ್ ಎತ್ತರದಲ್ಲಿದ್ದು, 1901ರಿಂದ 2018ರವರೆಗೆ ಜಗತ್ತಿನ ಸಮುದ್ರ ಮಟ್ಟ ಸರಾಸರಿ ಏರಿರುವುದು ಸುಮಾರು 20 ಸೆಂಟಿಮೀಟರ್, ಅಂದರೆ ಗೇಣಿನಷ್ಟು. ಹಳೆ ಊರಿನ ತಗ್ಗು ಓಣಿಗಳನ್ನು ಮುಳುಗಿಸಿದ್ದು ಘಟಪ್ರಭೆಯಲ್ಲಿ ನಿಂತ ಜಲಾಶಯದ ಹಿನ್ನೀರು. ನವನಗರ ಆ ಸಂತ್ರಸ್ತರಿಗಾಗಿ ಕಟ್ಟಿದ್ದು.

ಆದರೂ ಕರಾವಳಿಯ ನಗರ ಯೋಜಕರು ನಮ್ಮೂರನ್ನು ಒಮ್ಮೆ ನೋಡುವುದು ಒಳಿತು. ತಡೆಗೋಡೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಎತ್ತರಿಸಿದ ಅಡಿಪಾಯ ಯಾವುದೂ ಸಾಲದ ಕಡೆ ಅವರೂ ಜನವಸತಿಯನ್ನೇ ಎತ್ತರಕ್ಕೆ ಸ್ಥಳಾಂತರಿಸಬೇಕಾಗುತ್ತದೆ. ಮನೆಗಳು ಹೋದಷ್ಟು ಸಲೀಸಾಗಿ ಪೇಟೆ ಹೋಗುವುದಿಲ್ಲ: ಸೆಕ್ಟರ್‌ವಾರು ನಿವೇಶನ ಪಡೆದ ನವನಗರದವರು ಬಟ್ಟೆ, ಬಂಗಾರಕ್ಕೆ ಇಂದಿಗೂ ಹಳೆ ಪೇಟೆಗೇ ಬರುತ್ತಾರೆ.